ಅಂಬಾಸಿಡರ್‌ನ ತುಕ್ಕು ಬಿಡಿಸಿ ಬಣ್ಣ ಹೊಡೆಯುವುದು: ಕೊಡಗಿನ ಮಳೆಯ ಲೆಕ್ಕದಲ್ಲಿ

ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬಿಚ್ಚಲು ಶುರು ಮಾಡಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಬಣ್ಣ ಮುಗಿಸಿ. ಕೊಡಗಿನಲ್ಲಿ ಹಳೇ ಕಾರಿನ ಬಾಡಿ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳುವ ಮೊದಲ ಮಾತು ಇದು. ಇವತ್ತು ಪೇಂಟ್ ಕೆರೆದಿಟ್ಟು, ಮುಂದಿನ ವಾರ ಪುರುಸೊತ್ತಾದಾಗ ಪ್ರೈಮರ್ ಹೊಡೆದರಾಯಿತು ಅನ್ನುವುದು ಬಯಲುಸೀಮೆಯವರಿಗೆ ಸರಿ. ಇಲ್ಲಿ ಜುಲೈ ತಿಂಗಳಲ್ಲಿ ಬೆಳಿಗ್ಗೆ ಬೆಳ್ಳಗೆ ಕೆರೆದ ತಗಡು ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಕೆಂಪಗಾಗಿರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕುಶಾಲನಗರದ ಕಡೆ ಅದರ ಅರ್ಧವೂ ಇಲ್ಲ, ಅಲ್ಲಿಯವರು ಸ್ವಲ್ಪ ಧಾರಾಳವಾಗಿರಬಹುದು. ಉಳಿದವರಿಗೆ ಸಿಗುವುದು ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ, ಅದೃಷ್ಟವಿದ್ದರೆ ಮಾರ್ಚ್ ಮೊದಲ ವಾರದವರೆಗೆ.

ತೊಂದರೆ ಏನೆಂದರೆ ಅದೇ ಹೊತ್ತಿಗೆ ಕಾಫಿ ಕುಯ್ಲು. ನಾನು ಸಿದ್ದಾಪುರದ ಕಡೆ ಒಂದು ರೊಬಸ್ಟಾ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಮಸ್ಟರ್ ಕರೆಯುವುದರಿಂದ ಸಂಜೆ ಹಣ್ಣು ತೂಗಿ ಲೆಕ್ಕ ಬರೆಯುವವರೆಗೆ ತಲೆ ಎತ್ತಲು ಬಿಡುವಿಲ್ಲ. ಹಾಗಾಗಿ ನನ್ನದೆಲ್ಲ ಭಾನುವಾರದ ಕೆಲಸ, ಕೆಳಗೆ ಬರೆದಿರುವುದೂ ಭಾನುವಾರ ಮಾತ್ರ ಸಿಗುವವರ ಲೆಕ್ಕದಲ್ಲೇ. ಕಾರು 1972ರ ಮಾರ್ಕ್ 2 ಅಂಬಾಸಿಡರ್. ಯಜಮಾನರು ಗುಜರಿಗೆ ಹಾಕಲು ಹೊರಟಿದ್ದರು, ಪಲ್ಪರ್ ಶೆಡ್ಡಿನ ಪಕ್ಕ ನಿಂತಿದ್ದ ಗಾಡಿಯನ್ನು ನಾನು ಕೇಳಿ ತೆಗೆದುಕೊಂಡೆ. ಫಿಯೆಟ್ ಇರುವವರಿಗೂ ಇದರಲ್ಲಿ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ. ಜೀಪಿನವರದ್ದು ಬೇರೆ ಕಥೆ. ಅದಕ್ಕೆ ಕೆಳಗೆ ಚಾಸಿ ಉಂಟು, ಮೇಲಿನ ಬಾಡಿ ಪೂರಾ ಹೋದರೂ ಗಾಡಿ ನಿಲ್ಲುತ್ತದೆ.

ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಅಚ್ಚು ಅದು. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಮಾಡಿದ್ದು. ನೆಲದ ತಗಡು, ಬಾಗಿಲ ಕೆಳಗಿನ ಸಿಲ್, ಕಂಬಗಳು, ಮೇಲ್ಛಾವಣಿ ಎಲ್ಲ ಸೇರಿ ಭಾರ ಹೊರುತ್ತವೆ. ಸಿಲ್ ಒಳಗಿಂದ ಕೊಳೆತಿದ್ದರೆ ಬಣ್ಣ ಎಷ್ಟು ಮಿಂಚಿದರೂ ಆ ಗಾಡಿ ನಡು ಮುರಿದದ್ದೇ. ಆದ್ದರಿಂದ ಬಣ್ಣದ ಆಸೆ ಬಿಟ್ಟು ಮೊದಲು ಕೆಳಗೆ ನುಗ್ಗಿ.

ಒಂದು ಆಯಸ್ಕಾಂತ, ಒಂದು ಹಳೇ ಸ್ಕ್ರೂಡ್ರೈವರ್, ಒಂದು ಟಾರ್ಚು ಸಾಕು. ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ನಿಧಾನ ಎಳೆಯಿರಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ದಪ್ಪವಿದೆ, ಹಿಡಿತವೇ ಇಲ್ಲದಿದ್ದರೆ ಕೆಳಗೆ ತಗಡೇ ಇಲ್ಲ. ಆಮೇಲೆ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಬೇಕಾದ ಜಾಗಗಳು: ಸಿಲ್‌ನ ಎರಡೂ ತುದಿ, ಬಾಗಿಲುಗಳ ಕೆಳ ಅಂಚು, ಕಾಲಿಡುವ ಜಾಗದ ನೆಲ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಬ್ಯಾಟರಿ ತಟ್ಟೆ, ಗಾಜಿನ ರಬ್ಬರ್ ಬೀಡಿಂಗಿನ ಕೆಳಗೆ, ಜ್ಯಾಕ್ ಕೊಡುವ ಜಾಗ. ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಕೂರುವ ಬ್ರಾಕೆಟ್‌ಗಳನ್ನು ಮತ್ತು ಮುಂದಿನ ಟಾರ್ಶನ್ ಬಾರ್ ಹಿಡಿದಿರುವ ಕ್ರಾಸ್ ಮೆಂಬರನ್ನು ಮಾತ್ರ ಎರಡೆರಡು ಸಲ ನೋಡಿ. ಅಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದರೆ ಅದು ಮನೆ ಕೆಲಸವಲ್ಲ, ಬಾಡಿಯನ್ನು ಅಳತೆಗೆ ಹಿಡಿದು ನಿಲ್ಲಿಸುವ ಜಿಗ್ ಇರುವ ವರ್ಕ್‌ಶಾಪಿಗೆ ಕೊಡಿ.

ನಮ್ಮ ಕಡೆಯ ಗಾಡಿಗಳಲ್ಲಿ ತುಕ್ಕು ಹೊರಗಿಂದ ಬರುವುದಕ್ಕಿಂತ ಒಳಗಿಂದ ಬರುವುದೇ ಹೆಚ್ಚು. ತೋಟದ ದಾರಿಯ ಕೆಮ್ಮಣ್ಣು ಮಡ್‌ಗಾರ್ಡಿನ ಒಳಮೈಗೆ, ಹೆಡ್‌ಲೈಟ್ ಬಕೆಟ್ಟಿನ ಹಿಂದೆ ಹೋಗಿ ಕೂರುತ್ತದೆ. ಹೊರಗೆ ಒಣಗಿದಂತೆ ಕಂಡರೂ ಆ ಹೆಂಟೆಯ ಒಳಗೆ ಡಿಸೆಂಬರ್‌ವರೆಗೂ ತೇವ ಉಳಿಯುತ್ತದೆ. ಸಿಲ್ವರ್ ಓಕ್ ಎಲೆಯ ಕಾಟ ಇನ್ನೊಂದು. ಗಾಜಿನ ಕೆಳಗೆ ಗಾಳಿ ಒಳಹೋಗುವ ಸಂದಿಯಲ್ಲಿ, ಬಾನೆಟ್ಟಿನ ಹಿಂದಿನ ಕಾಲುವೆಯಲ್ಲಿ ಪುಡಿಯಾಗಿ ಸೇರಿಕೊಂಡು ನೀರು ಹೋಗುವ ತೂತನ್ನು ಮುಚ್ಚುತ್ತದೆ. ನನ್ನ ಗಾಡಿಯ ಎಡಗಡೆ ಮುಂದಿನ ಬಾಗಿಲಿನ ಒಳಪಟ್ಟಿ ಬಿಚ್ಚಿದಾಗ ಅಡಿಯಲ್ಲಿ ಸಿಕ್ಕಿದ್ದು ಒಂದು ಹಿಡಿ ಕಪ್ಪು ಗೊಬ್ಬರ, ಅದರಲ್ಲಿ ಕಾಳುಮೆಣಸಿನ ಒಂದೆರಡು ಕಾಳು, ಇಲಿ ಕಚ್ಚಿದ ಹತ್ತಿ. ಬಾಗಿಲ ಅಡಿಯ ಮೂರು ತೂತೂ ಮುಚ್ಚಿಹೋಗಿದ್ದವು. ಹೊರಗಿನ ತಗಡಿನಲ್ಲಿ ಕಂಡದ್ದು ಒಂದು ಸಣ್ಣ ಗುಳ್ಳೆ ಮಾತ್ರ, ಒಳಗೆ ಒಂದು ಗೇಣು ತಗಡು ಬಿಸ್ಕತ್ತಿನಷ್ಟು ಪುಡಿಪುಡಿ.

ಕೆಲಸಕ್ಕೆ ಮೊದಲು ಕಾಗದಪತ್ರ ನೋಡಿಕೊಳ್ಳಿ. ಹಳೇ ಕಾರಿನ ಕ್ಲಬ್ಬುಗಳವರು ವಿಂಟೇಜ್ ಅನ್ನುವುದು 1919ರಿಂದ 1930ರ ನಡುವಿನ ಗಾಡಿಗೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಸ್ವಂತ ಗಾಡಿಯಾದರೆ ವಿಂಟೇಜ್ ಅನ್ನಿಸಿಕೊಳ್ಳಲು ಸಾಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ನವೀಕರಣಕ್ಕೆ 5,000. ಮೂಲ ರೂಪ ಅನ್ನುವುದರಲ್ಲಿ ಬಾಡಿಯೂ ಸೇರುತ್ತದೆ, ಆದ್ದರಿಂದ ಮಡ್‌ಗಾರ್ಡ್ ಅಗಲಿಸುವುದು, ಸನ್‌ರೂಫ್ ಕೊರೆಯುವುದು ಇತ್ಯಾದಿ ಬುದ್ಧಿ ಬೇಡ. ಚಾಸಿ ನಂಬರಿನ ಪ್ಲೇಟ್, ತಗಡಿಗೆ ಒತ್ತಿದ ನಂಬರು ಎಲ್ಲಿದೆ ನೋಡಿ ಮೇಲೆ ಟೇಪ್ ಅಂಟಿಸಿ. ತಗಡು ಉಜ್ಜುವ ಗ್ರೈಂಡರ್ ಅದರ ಹತ್ತಿರವೂ ಹೋಗಕೂಡದು. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಿಸಬೇಕು. ಇದ್ದ ಬಣ್ಣವನ್ನೇ ಹೊಡೆಯುವುದು ಎಲ್ಲ ರೀತಿಯಲ್ಲೂ ಸುಲಭ. ಅಸಲು ಬಣ್ಣ ಯಾವುದೆಂದು ಡ್ಯಾಶ್‌ಬೋರ್ಡಿನ ಹಿಂದೆ ಅಥವಾ ಡಿಕ್ಕಿಯ ಹಿಂಜಿನ ಅಡಿ ನೋಡಿದರೆ ತಿಳಿಯುತ್ತದೆ.

ಬಿಚ್ಚುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೊ ತೆಗೆಯಿರಿ, ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಹೆಸರು ಬರೆಯಿರಿ. ಬ್ಯಾಟರಿ ಮೊದಲು, ಪೆಟ್ರೋಲ್ ಟ್ಯಾಂಕ್ ಎರಡನೆಯದು. ಟ್ಯಾಂಕ್ ಗಾಡಿಯಲ್ಲಿರುವಾಗ ಗ್ರೈಂಡರ್ ಹಿಡಿಯುವವರ ಜೊತೆ ನಿಲ್ಲಲೂಬೇಡಿ.

ಸಿಲ್ ಕತ್ತರಿಸುವ ಮೊದಲು ಒಂದು ಕೆಲಸ ಕಡ್ಡಾಯ. ಗಾಡಿಯನ್ನು ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ಸ್ಟ್ಯಾಂಡ್ ಕೊಟ್ಟು ಮಟ್ಟವಾಗಿ ನಿಲ್ಲಿಸಿ. ನಡುವೆ ಜ್ಯಾಕ್ ಕೊಟ್ಟು ಎತ್ತಬೇಡಿ. ಬಾಗಿಲುಗಳು ಸರಿಯಾಗಿ ಮುಚ್ಚುತ್ತಿವೆಯೇ ನೋಡಿ, ಸಂದಿಯ ಅಗಲ ಅಳೆದು ಗೋಡೆಯ ಮೇಲೆ ಬರೆದಿಡಿ. ಆಮೇಲೆ ಬಾಗಿಲು ತೆಗೆದು, ಮುಂದಿನ ಕಂಬದಿಂದ ನಡುಕಂಬಕ್ಕೆ ಅಡ್ಡಡ್ಡ ಚೌಕ ಪೈಪ್ ವೆಲ್ಡ್ ಮಾಡಿ. ಒಂದು ಕಡೆಯ ಸಿಲ್ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಕಡೆ. ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ನಡು ಬಾಗುತ್ತದೆ, ಬಾಗಿದ ಮೇಲೆ ಬಾಗಿಲು ಕೂರುವುದಿಲ್ಲ, ಯಾವ ಪುಟ್ಟಿಯೂ ಅದನ್ನು ಸರಿಮಾಡದು.

ತುಕ್ಕು ತೆಗೆಯಲು ದೊಡ್ಡ ಜಾಗಗಳಿಗೆ ಗ್ರೈಂಡರ್‌ಗೆ ಹಾಕುವ ವೈರ್ ಕಪ್. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣದಾಗಿ ಉಜ್ಜಿ ಧೂಳೆಬ್ಬಿಸುವ ಬದಲು ಪೇಂಟ್ ರಿಮೂವರ್ ಹಚ್ಚಿ ಕೆರೆಯುವುದು ಮೇಲು. ಮಾಸ್ಕ್ ಬಿಡಬೇಡಿ, ಮಕ್ಕಳನ್ನು ಹತ್ತಿರ ಸೇರಿಸಬೇಡಿ. ಗುಳಿ ಬಿದ್ದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಹಚ್ಚಿ, ಚೆನ್ನಾಗಿ ತೊಳೆದು, ಹಾಟ್ ಏರ್ ಗನ್ನಿನಿಂದ ಕೂಡಲೇ ಒಣಗಿಸಿ. ಆಮ್ಲದ ಪಸೆ ಉಳಿದರೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ.

ಹಿಂಜು, ಬ್ರಾಕೆಟ್, ಬೋಲ್ಟಿನಂಥ ಸಣ್ಣ ಸಾಮಾನಿಗೆ ಸಿಟ್ರಿಕ್ ಆಮ್ಲ ಸಾಕು, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದರೆ ಕೊಡುತ್ತಾರೆ. ಲೀಟರ್ ಬಿಸಿನೀರಿಗೆ 50 ಗ್ರಾಂ, ರಾತ್ರಿ ಮುಳುಗಿಸಿಟ್ಟು ಬೆಳಿಗ್ಗೆ ಬ್ರಷ್ಷಿನಲ್ಲಿ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು ಒಣಗಿಸಿ. ಸ್ಪ್ರಿಂಗ್‌ಗಳನ್ನು, ಬಿಳಿ ಲೋಹದ ಎರಕದ ಹಿಡಿಕೆಗಳನ್ನು ಇದರಲ್ಲಿ ಹಾಕಬೇಡಿ. ನಮ್ಮ ಕಡೆಯ ಕಪ್ಪು ಹುಳಿರಸ ಕಾಚಂಪುಳಿ ಹಾಕಿದರೆ ಆಗದೇ ಎಂದು ನಮ್ಮ ಡ್ರೈವರ್ ಕೇಳಿದ. ಹುಳಿಯೇನೋ ಸಾಕಷ್ಟಿದೆ, ಆದರೆ ಈಗಿನ ರೇಟಿನಲ್ಲಿ ಅದು ಪಂದಿಕರಿಗೇ ಇರಲಿ. ಈ ಸಣ್ಣ ಸಾಮಾನಿನ ಕೆಲಸವನ್ನೆಲ್ಲ ಮಳೆಗಾಲಕ್ಕೆ ಇಟ್ಟುಕೊಳ್ಳಿ, ಆಟಿ ತಿಂಗಳಲ್ಲಿ ಹೊರಗೆ ಮಾಡಲು ಬೇರೇನೂ ಇರುವುದಿಲ್ಲ. ಬ್ಯಾಟರಿ ಚಾರ್ಜರ್ ಮತ್ತು ವಾಷಿಂಗ್ ಸೋಡಾ ಇಟ್ಟುಕೊಂಡು ಕರೆಂಟಿನಲ್ಲಿ ತುಕ್ಕು ಬಿಡಿಸುವವರೂ ಇದ್ದಾರೆ. ಅದೂ ಒಳ್ಳೆಯದೇ, ಆದರೆ ಎದುರಿಗೆ ಇಡುವ ತುಂಡು ಸಾದಾ ಕಬ್ಬಿಣವೇ ಆಗಿರಲಿ. ಸ್ಟೀಲ್ ಲೋಟ, ಚಮಚ ಇಟ್ಟರೆ ನೀರಿನಲ್ಲಿ ವಿಷದ ಕ್ರೋಮಿಯಂ ಸೇರುತ್ತದೆ. ಬಾಗಿಲು ತೆರೆದಿಟ್ಟೇ ಮಾಡಿ, ಬರುವ ಗುಳ್ಳೆ ಜಲಜನಕ.

ತೇಪೆಗೆ 18 ಅಥವಾ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟ್ ತನ್ನಿ. ಮನೆಯಲ್ಲಿ ಛಾವಣಿಗೆ ತಂದು ಉಳಿದ ಜಿ.ಐ. ಶೀಟ್ ಇದೆ ಎಂದು ಅದನ್ನು ಕತ್ತರಿಸಬೇಡಿ. ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ, ವೆಲ್ಡೂ ತೂತುತೂತು. ಗೇಟು ಮಾಡುವ ಸಾದಾ ಆರ್ಕ್ ವೆಲ್ಡಿಂಗ್ ಕೂಡ ಈ ತಗಡಿಗೆ ಆಗದು, ರಾಡ್ ಮುಟ್ಟಿಸಿದಲ್ಲಿ ತೂತು. ತಂತಿಯಿಂದ ವೆಲ್ಡ್ ಮಾಡುವ ಸಿಂಗಲ್ ಫೇಸಿನ ಸಣ್ಣ ಮಿಗ್ ಮೆಷಿನ್ ಬಾಡಿಗೆಗೆ ತನ್ನಿ, 0.8 ಮಿಲಿಮೀಟರ್ ತಂತಿ, ಗ್ಯಾಸ್ ಜೊತೆಗೆ. ಕೊಳೆತದ್ದನ್ನು ಕತ್ತರಿಸುವಾಗ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು, ಜಿಪುಣತನ ಬೇಡ. ತೇಪೆಯನ್ನು ಹಳೇ ತಗಡಿನ ಮೇಲೆ ಹೇರದೆ ಅಂಚಿಗೆ ಅಂಚು ಕೂಡಿಸಿ. ಹೇರಿದರೆ ನಡುವಿನ ಸಂದಿ ಮುಂದಿನ ತುಕ್ಕಿಗೆ ಮನೆ. ಒಂದು ಚುಕ್ಕಿ ಇಲ್ಲಿ, ಮುಂದಿನದು ಎದುರು ಮೂಲೆಯಲ್ಲಿ, ಹೀಗೆ ಜಿಗಿದು ಜಿಗಿದು ಹಾಕಿ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನಡುವಿನದ್ದನ್ನು ತುಂಬಿ. ಒಂದೇ ಗೆರೆಯಲ್ಲಿ ಎಳೆದುಕೊಂಡು ಹೋದರೆ ತಗಡು ಅಲೆ ಅಲೆಯಾಗುತ್ತದೆ. ವೋಲ್ಟೇಜ್ ಇಳಿದ ಸಂಜೆ ವೆಲ್ಡಿಂಗ್ ಇಟ್ಟುಕೊಳ್ಳಬೇಡಿ, ಮೇಲೆ ಅಂಟಿದಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ.

ಡೆಂಟ್ ತೆಗೆಯುವುದು ಕೈಯ ಅಭ್ಯಾಸ. ಒಂದು ಅಗಲ ಮುಖದ ಸುತ್ತಿಗೆ, ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ, ಅಂದರೆ ಒಂದು ಡಾಲಿ. ಡಾಲಿಯನ್ನು ಹಿಂದಿನಿಂದ ಒತ್ತಿ ಹಿಡಿದು ನೇರ ಅದರ ಮೇಲೇ ಹೊಡೆದರೆ ಅಕ್ಕಿ ರೊಟ್ಟಿ ತಟ್ಟಿದ ಹಾಗೆ ತಗಡು ತೆಳುವಾಗಿ ಹಿಗ್ಗುತ್ತದೆ. ಹಿಗ್ಗಿದ ತಗಡು ಒತ್ತಿದರೆ ಟಪಕ್ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಆದ್ದರಿಂದ ಡಾಲಿಯನ್ನು ತಗ್ಗಿನ ಹಿಂದೆ ಹಿಡಿದು, ಪಕ್ಕದ ಉಬ್ಬಿನ ಮೇಲೆ ಮೆಲ್ಲಗೆ ಹೊಡೆಯಿರಿ. ಏಟು ಬಿದ್ದಾಗ ಕೊನೆಗೆ ಮಡಿದ ಜಾಗ ಯಾವುದೋ ಅದನ್ನು ಮೊದಲು ಬಿಚ್ಚಬೇಕು, ಸಾಮಾನ್ಯವಾಗಿ ಅದು ಡೆಂಟಿನ ಹೊರ ಅಂಚು. ನಡುಗುಳಿಗೆ ಮೊದಲು ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ. ಕಣ್ಣನ್ನು ನಂಬಬೇಡಿ. ತೆಳು ಹತ್ತಿ ಗ್ಲೌಸ್ ಹಾಕಿ ಅಂಗೈಯನ್ನು ಉದ್ದಕ್ಕೆ ಸವರಿದರೆ ಕಣ್ಣಿಗೆ ಬೀಳದ ಉಬ್ಬುತಗ್ಗು ಕೈಗೆ ಸಿಗುತ್ತದೆ.

ಇನ್ನು ಪುಟ್ಟಿ. ಇಲ್ಲಿ ನಾನು ನಮ್ಮೂರ ಹೆಚ್ಚಿನ ಟಿಂಕರ್‌ಗಳ ಜೊತೆ ಜಗಳಕ್ಕೆ ಸಿದ್ಧ. ಬರಿ ತಗಡಿಗೆ ಪುಟ್ಟಿ ಎಳೆದು, ಬಕೆಟ್ ನೀರಿಟ್ಟುಕೊಂಡು ವಾಟರ್ ಪೇಪರ್‌ನಲ್ಲಿ ಉಜ್ಜುವುದು ಇಲ್ಲಿಯ ವಾಡಿಕೆ. ಧೂಳು ಏಳುವುದಿಲ್ಲ, ಬೇಗ ನುಣುಪಾಗುತ್ತದೆ, ಎರಡೂ ನಿಜ. ಆದರೆ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಹೀರಿದ ನೀರು ಒಣಗುವ ಮೊದಲೇ ಮೇಲೆ ಪ್ರೈಮರ್ ಬೀಳುತ್ತದೆ, ಕೆಳಗೆ ಬರಿ ಕಬ್ಬಿಣ, ಮೇಲೆ ಮುಚ್ಚಳ. ಮೊದಲ ಮಳೆಗಾಲ ಕಳೆಯುತ್ತಿದ್ದಂತೆ, ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬಾಗಿಲ ಅಂಚಿನಲ್ಲಿ ಗುಳ್ಳೆ ಏಳುತ್ತದೆ, ಪೇಂಟ್ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈಯುತ್ತಾರೆ.

ಆದ್ದರಿಂದ ಕ್ರಮ ತಲೆಕೆಳಗಾಗಲಿ. ತಗಡು ಸ್ವಚ್ಛವಾದ ದಿನವೇ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡ್ ಬೇಡ, ಅದು ಕಿಟಕಿ ಸರಳಿಗೆ ಸರಿ, ಅದರೊಳಗೆ ತೇವ ದಾಟುತ್ತದೆ. ಒಂದು ಭಾನುವಾರದಲ್ಲಿ ಎಷ್ಟು ಜಾಗಕ್ಕೆ ಪ್ರೈಮರ್ ಹೊಡೆದು ಮುಗಿಸಬಲ್ಲಿರೋ ಅಷ್ಟನ್ನೇ ಕೆರೆಯಿರಿ: ಒಂದು ಬಾಗಿಲು, ಅಥವಾ ಒಂದು ಮಡ್‌ಗಾರ್ಡ್. ಇಡೀ ಕಾರನ್ನು ಒಂದೇ ಸಲ ಬೆತ್ತಲೆ ಮಾಡುವುದು ಶೋಕಿ. ಕೆರೆದ ತಗಡನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಐದು ಬೆರಳೂ ಮಾರನೇ ದಿನ ತುಕ್ಕಿನಲ್ಲಿ ಮೂಡುತ್ತವೆ, ಗ್ಲೌಸ್ ಹಾಕಿ. ಡಿಸೆಂಬರ್ ರಾತ್ರಿ ಚಳಿ 15 ಡಿಗ್ರಿಗಿಂತ ಕೆಳಗಿಳಿದರೆ ಎಪಾಕ್ಸಿ ಗಟ್ಟಿಯಾಗಲು ನಿಧಾನಿಸುತ್ತದೆ. ಆದ್ದರಿಂದ ಮಧ್ಯಾಹ್ನದೊಳಗೆ ಹೊಡೆದು ಮುಗಿಸಿ, ಮುಂದಿನ ಭಾನುವಾರದವರೆಗೆ ಮುಟ್ಟಬೇಡಿ.

ಒಣಗಿದ ಎಪಾಕ್ಸಿಯನ್ನು ಸ್ವಲ್ಪ ಒರಟು ಮಾಡಿ ಅದರ ಮೇಲೆ ಪುಟ್ಟಿ ಎಳೆಯಿರಿ. ಹಾರ್ಡನರ್ ತೂಕದಲ್ಲಿ ಶೇ. 2ರಿಂದ 3. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಆಮೇಲೆ ಮೇಲಿನ ಬಣ್ಣಕ್ಕೆ ಕಲೆ ಬಿಡುತ್ತದೆ. ದಪ್ಪ 3 ಮಿಲಿಮೀಟರ್ ದಾಟುತ್ತಿದೆ ಅನಿಸಿದರೆ ಪುಟ್ಟಿ ಇಟ್ಟು ಸುತ್ತಿಗೆ ತೆಗೆದುಕೊಳ್ಳಿ, ಡೆಂಟ್ ಕೆಲಸ ಇನ್ನೂ ಮುಗಿದಿಲ್ಲ ಅಂತ ಅರ್ಥ. ಉದ್ದ ಮರದ ತುಂಡಿಗೆ ಎಮರಿ ಸುತ್ತಿ ಒಣದಾಗಿಯೇ ಉಜ್ಜಿ, 80 ನಂಬರಿನಿಂದ ಶುರುಮಾಡಿ 180, ಆಮೇಲೆ 320. ಬೆರಳಿನಿಂದ ಎಮರಿ ಒತ್ತಿ ಉಜ್ಜಿದರೆ ಬೆರಳಿನ ಅಗಲದ ಹಳ್ಳಗಳು ಬೀಳುತ್ತವೆ, ಅಂಬಾಸಿಡರ್‌ನ ಆ ದುಂಡು ಮೈಯಲ್ಲಿ ಬಣ್ಣ ಬಿದ್ದ ಮೇಲೆ ಅವು ಎದ್ದು ಕಾಣುತ್ತವೆ. ಮತ್ತೆ ಎಪಾಕ್ಸಿ ಎರಡು ಕೈ. ಅದರ ಮೇಲೆ ಕಪ್ಪು ಬಣ್ಣವನ್ನು ತೀರಾ ನೀರಾಗಿ ಸಿಂಪಡಿಸಿ ಉಜ್ಜಿದರೆ ತಗ್ಗಿರುವ ಕಡೆ ಕಪ್ಪು ಉಳಿದು ತಾನೇ ತೋರಿಸುತ್ತದೆ. ಪುಟ್ಟಿ ಎಲ್ಲೂ ಹೊರಗೆ ಕಾಣದಂತೆ ಎಪಾಕ್ಸಿ ಮುಚ್ಚಿದ ಮೇಲೆ ಮಾತ್ರ ನೀರು ಹಾಕಿ 400, 600ರಲ್ಲಿ ಉಜ್ಜಬಹುದು.

ಬಣ್ಣಕ್ಕೆ ನಾನು ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಅನ್ನೇ ಹೇಳುತ್ತೇನೆ. ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಬಣ್ಣದ ಹೊಳಪು, ಬಾಳಿಕೆ ಹೆಚ್ಚು ನಿಜ, ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಜೀವನಪೂರ್ತಿ ಆಸ್ತಮಾ ಅಂಟಿಕೊಳ್ಳಬಹುದು, ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕು. ಕಾಫಿ ಸ್ಟೋರಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆಯುವ ಬಣ್ಣ ಅದಲ್ಲ. ಎನ್‌ಸಿಗೂ ಎಪಾಕ್ಸಿಗೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಹತ್ತಿರ ಒಲೆ, ಬೀಡಿ, ಸ್ವಿಚ್ಚು ಯಾವುದೂ ಇರಬಾರದು. ಎನ್‌ಸಿಯ ದೊಡ್ಡ ಗುಣವೆಂದರೆ ಕೆಟ್ಟರೆ ಅಷ್ಟೇ ಜಾಗ ಉಜ್ಜಿ ಮತ್ತೆ ಹೊಡೆಯಬಹುದು.

ಅದರ ಶತ್ರು ನಮ್ಮ ಗಾಳಿ. ತಿನ್ನರ್ ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆ ಮೈ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂತು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ತಗಡಿನ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಹೊರಗೆ 25 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ ಇಬ್ಬನಿ ಕಟ್ಟುವುದು 23ರ ಆಸುಪಾಸಿನಲ್ಲಿ, ಅಂದರೆ ಆಗುವುದಿಲ್ಲ. ಶೇ. 60 ಇದ್ದರೆ 17ರ ಹತ್ತಿರ, ಧೈರ್ಯವಾಗಿ ಹೊಡೆಯಿರಿ. ಥರ್ಮಾಮೀಟರ್ ಜೊತೆ ತೇವಾಂಶ ತೋರಿಸುವ ಸಣ್ಣ ಗಡಿಯಾರದಂಥದ್ದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ತಂದು ಶೆಡ್ಡಿನಲ್ಲಿ ತೂಗುಹಾಕಿ. ರಾತ್ರಿ ಚಳಿಗೆ ತಣಿದ ಬಾಡಿ ಗಾಳಿಯಷ್ಟು ಬೇಗ ಬಿಸಿಯಾಗದು, ಆದ್ದರಿಂದ ಬಿಸಿಲು ಬಂತೆಂದು ಒಂಬತ್ತಕ್ಕೇ ಸ್ಪ್ರೇ ಗನ್ ಹಿಡಿಯಬೇಡಿ. ಹನ್ನೊಂದರಿಂದ ಎರಡೂವರೆವರೆಗೆ ಒಳ್ಳೆಯ ಹೊತ್ತು. ಅನಿವಾರ್ಯವಾದರೆ ತಿನ್ನರ್‌ಗೆ ಆರುವುದನ್ನು ನಿಧಾನಿಸುವ ರಿಟಾರ್ಡರ್ ಅನ್ನು ಡಬ್ಬಿಯ ಮೇಲೆ ಹೇಳಿದಷ್ಟು ಸೇರಿಸಿ.

ಕಣದಲ್ಲಿ ಕಾಫಿ ಚೆನ್ನಾಗಿ ಒಣಗುವ ದಿನ ಬಣ್ಣಕ್ಕೂ ಒಳ್ಳೆಯ ದಿನ, ಆದರೆ ಆ ದಿನವೇ ಕಣದಲ್ಲಿ ಕಾಫಿ ಕೆದಕಿ ಧೂಳೆಬ್ಬಿಸುತ್ತಾರೆ. ಗಾಳಿ ಬೀಸುವ ದಿಕ್ಕು ನೋಡಿ ಕಣಕ್ಕೆ ಬೆನ್ನು ಹಾಕಿದ ಕಡೆ ಪಾಲಿಥಿನ್ ಕಟ್ಟಿ ಕೋಣೆ ಮಾಡಿಕೊಳ್ಳಿ. ಧೂಳು ಕೂರಲಿ ಎಂದು ನೆಲಕ್ಕೆ ನೀರು ಚಿಮುಕಿಸುವುದು ಬೇರೆ ಊರಿನವರ ಉಪಾಯ, ಇಲ್ಲಿ ತೇವ ಸಾಕಷ್ಟಿದೆ, ಹಿಂದಿನ ದಿನವೇ ಗುಡಿಸಿ ಮುಗಿಸಿ. ಕಂಪ್ರೆಸರ್ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೀರು ಬಿಡಿ, ಎಷ್ಟು ಬರುತ್ತದೆ ನೋಡಿದರೆ ಆಶ್ಚರ್ಯವಾಗುತ್ತದೆ. ವಾಟರ್ ಟ್ರ್ಯಾಪನ್ನು ಕಂಪ್ರೆಸರಿಗೆ ಅಂಟಿಸಿ ಇಡಬೇಡಿ. ಗಾಳಿ ಉದ್ದ ಪೈಪಿನಲ್ಲಿ ಹರಿದು ತಣಿದ ಮೇಲೆ, ಗನ್ನಿನ ಹತ್ತಿರ ಇಟ್ಟರೆ ಮಾತ್ರ ಅದು ನೀರು ಹಿಡಿಯುತ್ತದೆ. ಗನ್ನನ್ನು ಒಂದು ಗೇಣು ದೂರದಲ್ಲಿ, ತಗಡಿಗೆ ನೇರವಾಗಿ, ಪ್ರತಿ ಪಟ್ಟಿ ಹಿಂದಿನದರ ಅರ್ಧ ಮುಚ್ಚುವಂತೆ ಎಳೆಯಿರಿ. ಮಣಿಕಟ್ಟು ತಿರುಗಬಾರದು, ತೋಳು ಹೋಗಬೇಕು. ತೆಳುವಾಗಿ ಹಲವು ಕೈ, ಪ್ರತಿ ಕೈಗೂ ಹತ್ತು ಹದಿನೈದು ನಿಮಿಷ ಬಿಡುವು. ಒಂದೆರಡು ವಾರ ಬಿಟ್ಟು 1500, 2000ದಲ್ಲಿ ನೀರು ಹಾಕಿ ಉಜ್ಜಿ, ಹೊಳಪಿಗೆ ರಬ್ಬಿಂಗ್ ಕಾಂಪೌಂಡ್ ಹಾಕಿ.

ಬಣ್ಣ ಗಟ್ಟಿಯಾದ ಮೇಲೆ ಸಿಲ್, ಬಾಗಿಲು, ಡಿಕ್ಕಿ ಮುಚ್ಚಳದ ಟೊಳ್ಳುಗಳಿಗೆ ಉದ್ದ ನಳಿಕೆ ತೂರಿಸಿ ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ. ಕೆಳಗಿನ ತೂತುಗಳಿಂದ ಅದು ತೊಟ್ಟಿಕ್ಕುವವರೆಗೆ ಹೊಡೆದು, ಆಮೇಲೆ ತೂತುಗಳನ್ನು ತಂತಿಯಿಂದ ಬಿಡಿಸಿ. ಅಡಿಗೆ ದಪ್ಪ ಟಾರ್ ಬಳಿಯುವುದು ಬೇಡ. ಕಲ್ಲೇಟಿಗೆ ಬಿರುಕು ಬಿಟ್ಟ ಕಡೆ ನೀರು ನುಗ್ಗಿ ಒಳಗೇ ಉಳಿದರೆ ಮೇಲಿಂದ ಗೊತ್ತೇ ಆಗದು. ಹಳೇ ಎಂಜಿನ್ ಆಯಿಲ್ ಹೊಡೆಯುವವರೂ ಇದ್ದಾರೆ. ಅದು ತೊಟ್ಟಿಕ್ಕಿ ತೋಡಿಗೆ ಸೇರುತ್ತದೆ, ಕೈಗೂ ಕೆಟ್ಟದ್ದು. ಪ್ರತಿ ಮೇ ತಿಂಗಳಲ್ಲಿ ವ್ಯಾಕ್ಸ್ ಇನ್ನೊಂದು ಸಲ, ಕೈಲ್ ಮುಹೂರ್ತ ಕಳೆದು ಮಳೆ ಬಿಟ್ಟ ಮೇಲೆ ಮಡ್‌ಗಾರ್ಡಿನ ಒಳಗಿನ ಕೆಮ್ಮಣ್ಣು ಪೈಪ್ ಹಿಡಿದು ತೊಳೆಯುವುದು.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲನ್ನು ಬಾಡಿಯ ಮೇಲೆ ನೇರ ಹೊದಿಸಬೇಡಿ, ಒಳಗೆ ಬೆವತು ಬಣ್ಣ ಗುಳ್ಳೆ ಬರುತ್ತದೆ. ಟಾರ್ಪಾಲ್ ಮೇಲೆ ಛಾವಣಿಯಾಗಿರಲಿ, ಕಾರಿಗೆ ಹಳೇ ಹತ್ತಿ ಬೆಡ್‌ಶೀಟ್. ಸಿಮೆಂಟ್ ನೆಲವಾದರೆ ಕೆಳಗೆ ಪಾಲಿಥಿನ್ ಹಾಸಿ ಗಾಡಿ ನಿಲ್ಲಿಸಿ, ಕಿಟಕಿ ಗಾಜು ಎರಡು ಬೆರಳು ಇಳಿಸಿ, ಇಲಿ ನುಗ್ಗದ ಹಾಗೆ ಜಾಲರಿ ಕಟ್ಟಿ.

ಬಂಪರ್, ಗ್ರಿಲ್‌ಗಳ ಕ್ರೋಮ್ ಮನೆಯಲ್ಲಿ ಆಗುವ ಕೆಲಸವಲ್ಲ, ಮೈಸೂರಿಗೆ ಕಳಿಸಿ. ಕಳಿಸುವ ಮೊದಲು ಬಂಪರಿನ ಡೆಂಟ್ ನೀವೇ ತೆಗೆದು, ಹಿಂಭಾಗದ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಬಂದದ್ದು ನಿಮ್ಮದೇ ಹೌದೋ ಅಲ್ಲವೋ ಅನ್ನಲು ಬೇಕಾಗುತ್ತದೆ.